ಸಹಿಗಿಂತ ಮೊದಲು ಉಕ್ಕಿದ ಹಾಲು

ಗೆಳೆಯರೇ, ಮನೆ ಮಾರಾಟ ಎಷ್ಟು ಬೇಗ ಮುಗಿಯುತ್ತದೆಂದು ಇವತ್ತು ತಿಳಿಯಿತು. ತೀರಿಹೋದ ನನ್ನ ಯಜಮಾನರು ಕಟ್ಟಿಸಿದ ಕಮಲಾಪುರದ ಮನೆಯನ್ನು ಪಾತ್ರೆಪಗಡಿ ಸಮೇತ ಮಾರಿದೆ. ಕಲಬುರಗಿಯಲ್ಲಿ ರಿಜಿಸ್ಟ್ರಿ ಮುಗಿಸಿ, ಕೊನೆಯ ಸಲ ನಾನೇ ಬೀಗ ಹಾಕಬೇಕೆಂದು ಬಸ್ಸು ಹತ್ತಿ ಹೋದರೆ ಬಾಗಿಲು ತೆರೆದಿತ್ತು. ಕಸ ಹೊಡೆಯಲೆಂದು ನಿನ್ನೆ ಒಂದು ಕೀಲಿ ಪಡೆದಿದ್ದ ಕೊಂಡವರ ಹೆಂಡತಿ, ಒಳಗೆ ಬೆಳಿಗ್ಗೆಯೇ ಹಾಲು ಉಕ್ಕಿಸಿದ್ದರು.

“ಸಹಿ ಆಗೂಕಿಂತ ಮೊದಲ ಹಾಲು ಉಕ್ಕಿಸಿದ್ರೇನ್ರೀ?” ಎಂದೆ.

“ಮುಹೂರ್ತ ಹತ್ತಕ್ಕ ಇತ್ರೀ ಅಕ್ಕಾರ. ನಿಮ್ಮ ಸಹಿ ಹನ್ನೊಂದಕ್ಕಾದ್ರ ನಾವೇನ್ ಮಾಡೂದ್ರೀ? ಬರ್ರಿ, ನಿಮ್ಮದ ಮನಿ ಅನ್ಕೊಂಡು ಕೂಡ್ರಿ.”

ಕುಳಿತೆ. ಹಾಲು ಕೊಡಲು ಲೋಟ ಎಲ್ಲಿವೆಯೆಂದು ಮನೆಯವರಿಗೆ ತಿಳಿಯಲಿಲ್ಲ. ಅತಿಥಿಯೇ ಎದ್ದುಹೋಗಿ ತೆಗೆದುಕೊಡಬೇಕಾಯಿತು.