ತಲೆಗೆ ಹಚ್ಚುವ ಎಣ್ಣೆಯ ಪಲ್ಯ

ಮಣಿಪಾಲದಲ್ಲಿ ನನ್ನದೊಂದು ಸಣ್ಣ ಮೆಸ್ ಇದೆ. ರಜೆಗೆ ವಿದ್ಯಾರ್ಥಿಗಳು ಊರಿಗೆ ಹೋದರೆ ನನ್ನ ಒಲೆ ತಣ್ಣಗಾಗುತ್ತದೆ. ಹಿಂದಿನ ಗಲ್ಲಿಯಲ್ಲಿ ದೊಡ್ಡ ಕಟ್ಟಡವೊಂದು ಏಳತೊಡಗಿದಾಗ, ಅಲ್ಲಿಯ ಕೆಲಸಗಾರರ ಮಧ್ಯಾಹ್ನದ ಊಟ ನನಗೇ ಸಿಗಬೇಕೆಂದು ಹಟ ಹಿಡಿದೆ. ಎಲ್ಲರೂ ಗದಗ, ಬಾಗಲಕೋಟೆ ಕಡೆಯವರು. ಮೇಸ್ತ್ರಿಯ ಹತ್ತಿರ ಮಾತಾಡಿ ಮಾತಾಡಿ ಒಪ್ಪಿಸಿದೆ: ಒಂದು ವಾರ ಉಂಡು ನೋಡಲಿ, ಹಿಡಿಸಿದರೆ ಖಾಯಂ.

ಕಾರ್ಕಳದ ಗಾಣದಿಂದ ಹೊಸ ತೆಂಗಿನೆಣ್ಣೆ ತರಿಸಿ, ಒಗ್ಗರಣೆಗೆ ಅದನ್ನೇ ಹಾಕಿದೆ. ಬಡಿಸುವ ಮುಂಚೆ ಪಲ್ಯದ ಮೇಲೂ ಹಸಿ ಎಣ್ಣೆ ಒಂದು ಸುತ್ತು ಹನಿಸಿದೆ. ಕಾಪುವಿನ ಮನೆಯಲ್ಲಿ ಅಮ್ಮ ಬಿಸಿ ಗಂಜಿಗೆ ಹೀಗೇ ಹನಿಸುತ್ತಿದ್ದಳು. ಆ ಪರಿಮಳ ಬಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದೆ.

ಅನ್ನ, ಸಾರು ಖಾಲಿಯಾಯಿತು. ಪಲ್ಯ ಮಾತ್ರ ತಟ್ಟೆಯ ಅಂಚಿನಲ್ಲೇ ಉಳಿಯಿತು. ಪರಿಮಳ ಸಾಲಲಿಲ್ಲವೆಂದು ಮರುದಿನ ಇನ್ನೊಂದು ಸೌಟು ಎಣ್ಣೆ ಸುರಿದೆ. ಅಂದು ಇಬ್ಬರು ಎದ್ದು ಬ್ರೆಡ್ ತರಲು ಹೋದರು. ಮೇಸ್ತ್ರಿ ಕೈ ತೊಳೆದು ಬಂದು, "ನಾಳಿಂದ ಬ್ಯಾಡ್ರಿ ಅಕ್ಕಾರ" ಎಂದರು.

ಗಿರಾಕಿ ಎದ್ದು ಹೊರಟಾಗ ದರ ಇಳಿಸಬಾರದು, ಕಾರಣ ಕೇಳಬೇಕು. ವ್ಯಾಪಾರಕ್ಕೆ ಇಳಿಯುವ ಯಾರಿಗಾದರೂ ನಾನು ಹೇಳುವುದು ಇದನ್ನೇ. "ನಾಳೆ ಒಂದೇ ಒಂದು ಊಟ, ಆಮೇಲೆ ನಿಮ್ಮಿಷ್ಟ" ಎಂದು ಮೇಸ್ತ್ರಿಯನ್ನು ಕಳಿಸಿ, ಜೊತೆಗೇ ಕೆಲಸ ಮಾಡುತ್ತಿದ್ದ ಅವರ ಹೆಂಡತಿಯನ್ನು ಅಡುಗೆಮನೆಗೆ ಕರೆದೆ.

"ಎಂತ ಮಾರಾಯ್ತಿ, ನನ್ನ ಪಲ್ಯಕ್ಕೆ ಎಂತ ಆಗಿದೆ?"

ಅವಳು ಸೆರಗು ಬಾಯಿಗೊತ್ತಿ ನಕ್ಕಳು. "ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಈ ಎಣ್ಣಿ ತಲಿಗಿ ಹಚ್ಕೋತಾರ್ರಿ. ತುತ್ತು ಎತ್ತಿದ್ರ ಯಾರದೋ ಜಡಿ ಬಾಯಾಗ ಬಂದಂಗ ಆಗ್ತೈತ್ರಿ."

"ಅಯ್ಯೋ ದೇವರೇ! ಮೊದಲೇ ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ?"

"ಬಡಿಸಿದವರ ಮುಂದ ಹೆಂಗ ಹೇಳೂದ್ರಿ? ಶೇಂಗಾ ಎಣ್ಣಿ ಹಾಕಿ ನೋಡ್ರಿ."

ನನಗೆ ಶೇಂಗಾ ಎಣ್ಣೆಯೆಂದರೆ ಉಡುಪಿ ಬಸ್‌ಸ್ಟ್ಯಾಂಡಿನ ಬೋಂಡದ ಬಾಣಲೆ. ಮನೆಯಡುಗೆಗೆ ಅದನ್ನು ಹಾಕುವುದುಂಟೇ ಎಂದು ಮೂಗು ಮುರಿದೆ. ಆದರೂ ತರಿಸಿದೆ. ಮರುದಿನ ಅವಳನ್ನೇ ಒಲೆಯ ಮುಂದೆ ನಿಲ್ಲಿಸಿದೆ. ಸಾಸಿವೆ ಸಿಡಿದಾಗ ನಾನು ಮುಖ ತಿರುಗಿಸಿದೆ, ಅವಳು ಬಗ್ಗಿ ಉಸಿರೆಳೆದುಕೊಂಡಳು.

"ಈ ತಲಿ ಎಣ್ಣಿ ನಿಮಗ ಖರೇನ ಹಸಿವು ತರ್ತೈತೇನ್ರಿ?" ಎಂದು ಕೇಳಿದಳು. ಅಮ್ಮನ ಗಂಜಿಯ ಸಂಗತಿ ಹೇಳಿದೆ. ಅವಳು ನನ್ನ ಎಣ್ಣೆ ಡಬ್ಬಿ ಎತ್ತಿ ಮೂಸಿದಳು. "ನಮ್ಮವ್ವ ಐತವಾರ ಕುಂದ್ರಿಸ್ಕೊಂಡು ತಲಿ ತಿಕ್ಕತಿದ್ಲು" ಎಂದು ಇನ್ನೊಮ್ಮೆ ಮೂಸಿ ಡಬ್ಬಿ ಕೆಳಗಿಟ್ಟಳು. ಆಮೇಲೆ, "ಆದ್ರೂ ಪಲ್ಯಾಕ ಬ್ಯಾಡ್ರಿ" ಎಂದಳು.

ಅಂದು ಪಲ್ಯದ ಪಾತ್ರೆ ತಳ ಕಂಡಿತು.

"ಮುಂದಿನ ವಾರಾನೂ ಹಾಕ್ರಿ" ಎಂದರು ಮೇಸ್ತ್ರಿ.

"ವಾರದ ಮಾತು ಬೇಡ ಮಾರಾಯ್ರೆ, ಕಟ್ಟಡ ಮುಗಿಯುವವರೆಗೆ ಅಂತ ಹೇಳಿ."

ಅವರು ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. "ಆತ್ರಿ, ಮುಗಿಯೂತನಕ."

ಹೋಗುವಾಗ ಅವಳು ನನ್ನಿಂದ ಒಂದು ಬಾಟಲಿ ತೆಂಗಿನೆಣ್ಣೆ ಕೇಳಿ ಒಯ್ದಳು. ತಲೆಗೆ.