ಮೀನಿನ ಚಪ್ಪರದ ಮೇಲೆ ತೂಗಿದ ಡಿಸ್ಕು

ನನ್ನ ಮೊಮ್ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಮೊನ್ನೆ ಭಾನುವಾರ ಮತ್ತೆ ಒಟ್ಟಿಗೆ ಆಡಿದರು! ಮೂವರೂ! ಒಬ್ಬಳು ಬೈಂದೂರಿನಲ್ಲಿ, ಒಬ್ಬಳು ಬ್ರಹ್ಮಾವರದಲ್ಲಿ, ನಮ್ಮವಳು ಇಲ್ಲಿ ಕುಂದಾಪುರದ ಕೋಡಿಯ ನಮ್ಮ ಮನೆಯ ಟಿ.ವಿ. ಮುಂದೆ. ಮೂರು ಊರಲ್ಲಿ ಕೂತು ಒಂದೇ ಪಕ್ಷದಲ್ಲಿ ಚೆಂಡು ಒದ್ದರು. ಮೀನು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿಯಾಯಿತು, ಬಸ್ಸಿನ ಕಂಡಕ್ಟರನಿಗೂ ಹೇಳಿಯಾಯಿತು. ಹೇಳಿ ಸಾಲದೆ ಈಗ ಬರೆಯಲು ಕೂತಿದ್ದೇನೆ. ಶಾಲೆಗೆ ನಾನು ಹೆಚ್ಚು ಹೋದವಳಲ್ಲ, ಅಕ್ಷರ ತಪ್ಪಿದರೆ ಮಗಳು ತಿದ್ದುತ್ತಾಳೆ.

ಈ ಮೂವರೂ ಕುಂದಾಪುರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಬೈಂದೂರಿನವಳು ಆಗ ನಮ್ಮ ಪಕ್ಕದ ಮನೆಯವಳು, ನನ್ನ ಕೈಯ ಮೀನು ಸಾರು ಉಂಡು ಬೆಳೆದವಳು. ಅವಳ ಅಪ್ಪ ಬೇರೆ ಬೋಟಿಗೆ ಸೇರಿದ್ದರಿಂದ ಮನೆಯವರೆಲ್ಲ ಬೈಂದೂರಿಗೆ ಹೋದರು. ಇನ್ನೊಬ್ಬಳ ಅಮ್ಮನಿಗೆ ಬ್ರಹ್ಮಾವರಕ್ಕೆ ವರ್ಗವಾಯಿತು. ಆದರೂ ಮಕ್ಕಳು ಬಿಡಲಿಲ್ಲ. ಮೂರು ಮನೆಯಲ್ಲೂ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಮಿಷನ್ ಇತ್ತು. ಸಂಜೆ ಹೋಮ್‌ವರ್ಕ್ ಮುಗಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಂಟರ್ನೆಟ್ಟಿನಲ್ಲಿ ಸೇರುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ನಮ್ಮವಳ ಮಾತು ಮಾತ್ರ. ಗೋಡೆಯ ಜೊತೆ ನಗುವವರ ಹಾಗೆ ಒಬ್ಬಳೇ ನಗುತ್ತಿದ್ದಳು.

ಕಡಲ ಗಾಳಿಗೆ ನಮ್ಮಲ್ಲಿ ಯಾವುದೂ ಬಾಳುವುದಿಲ್ಲ. ಕಿಟಕಿಯ ಸರಳು ತುಕ್ಕು ಹಿಡಿದ ಹಾಗೆ ಆ ಮಿಷನ್ನಿನ ಒಳಗೂ ತುಕ್ಕು ಹಿಡಿದು ಒಂದು ದಿನ ಸತ್ತೇಹೋಯಿತು. ಮುಂಬೈಯಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿರುವ ನನ್ನ ಮಗ ಊರಿಗೆ ಬರುವಾಗ ಸೋದರ ಸೊಸೆಗೆಂದು ಹೊಸ ನಮೂನೆಯದನ್ನು ತಂದುಕೊಟ್ಟ. ಬಿಳಿ ಬಣ್ಣದ, ದೊಡ್ಡ ಮಿಷನ್. ಬ್ರಹ್ಮಾವರದವಳಿಗೂ ಆಗಲೇ ಅಂಥದ್ದೇ ಬಂದಿತ್ತು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲೇ ಮೈಕು, ಹೆಡ್‌ಫೋನ್ ಬೇಕೆಂದಿಲ್ಲ. ಬ್ರಹ್ಮಾವರದವಳ ಮಾತು ಟಿ.ವಿ.ಯಿಂದಲೇ ನಮ್ಮ ಮನೆ ತುಂಬ ಕೇಳುತ್ತಿತ್ತು. ನಾನು ಒಳಗೆ ಬಂಗುಡೆ ಕೊಯ್ಯುತ್ತಾ "ಹ್ವಾಯ್, ಊಟ ಆಯ್ತನೇ?" ಎಂದರೆ ಅವಳು ಅಲ್ಲಿಂದ "ಇಲ್ಲೆ ಅಮ್ಮಮ್ಮ, ಇವತ್ ಬರೀ ಸೊಪ್ಪಿನ್ ಹುಳಿ" ಎನ್ನುತ್ತಿದ್ದಳು. ನನಗಂತೂ ಬಹಳ ಹಿಡಿಸಿತು.

ಆದರೆ ಬೈಂದೂರಿನವಳ ಮಾತು ಕೇಳಲೇ ಇಲ್ಲ. ನಾನೇ ಕೇಳಿದೆ.

"ಅವ್ಳ್ ಎಲ್ಲಿಗ್ ಹೋದ್ಳ್?"

"ಅವ್ಳಿಗ್ ಬಪ್ಪುಕಾತ್ತಿಲ್ಲೆ ಅಮ್ಮಮ್ಮ. ಅವ್ಳತ್ರ ಇಪ್ಪುದ್ ಹಳೇ ಮಿಷನ್. ನಾವ್ ಆಡುದ್ ಹೊಸ ಮಿಷನಿನ್ ಆಟ. ಎರ್ಡೂ ಸೇರುದಿಲ್ಲೆ."

"ಒಂದೇ ಚೆಂಡಾಟ ಅಲ್ದಾ?"

"ಹೆಸ್ರ್ ಒಂದೇ. ಇದ್ರಗೆ ಮೈದಾನದ್ ಹುಲ್ಲಿನ್ ಎಸಳೆಲ್ಲ ಬೇರೆ ಬೇರೆ ಕಾಣತ್ತ್, ಬೇಗ ಓಡತ್ತ್. ನಿಂಗ್ ಅರ್ಥ ಆತ್ತಿಲ್ಲೆ."

ಅರ್ಥವಾಗದೆ ಏನು? ಮಗು ಹೊರಗೆ ಉಳಿಯಿತು ಎನ್ನುವುದು ಅರ್ಥವಾಯಿತು. ಮೊದಮೊದಲು ಅವಳು ಫೋನ್ ಮಾಡಿ "ಇವತ್ ಯಾರ್ ಗೆದ್ದದ್?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ನಮ್ಮವಳು ಮಾಡಿದರೆ ಎತ್ತುತ್ತಿರಲಿಲ್ಲ. ನಮ್ಮವಳು ಆಡುತ್ತಲೇ ಇದ್ದಳು, ನಗು ಮಾತ್ರ ಕಡಿಮೆಯಾಯಿತು. ಬೆಂಚಿನ ಮೇಲೆ ಕಟ್ಟಿದ ಗೆಳೆತನ ಹುಲ್ಲು ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಹೋಗುವುದೇ? ನಾನು ಹೋಗಲು ಬಿಡುವವಳಲ್ಲ.

ನಮ್ಮ ಕಡಲ ದಂಡೆಯಲ್ಲಿ ಕೈರಂಪಣಿ ಎಳೆಯುವ ರೂಢಿಯೊಂದಿದೆ. ದೊಡ್ಡ ಬಲೆಯನ್ನು ನೀರಿಗೆ ಬಿಟ್ಟು ಎರಡು ಕಡೆಯಿಂದ ಹಗ್ಗ ಹಿಡಿದು ದಡಕ್ಕೆ ಎಳೆಯುವುದು. ಬಲೆ ಯಾರದೇ ಇರಲಿ, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ದಿನವೂ ಬರುವವರು ಒಬ್ಬರು ಕಾಣದಿದ್ದರೆ ಮನೆಯ ಬಾಗಿಲಿಗೆ ಹೋಗಿ ಕೂಗಿ ಕರೆಯುತ್ತಾರೆ. ನಾನೂ ಸೆರಗು ಸಿಕ್ಕಿಸಿ ಎಳೆದವಳು. ಮೊಮ್ಮಗಳಿಗೆ ಹೇಳಿದೆ: "ಕಾಣ್ ಹೆಣೆ, ಮೊದ್ಲ್ ಹಗ್ಗ ಎಳ್ದದ್ ಮೂರ್ ಜನ. ಒಬ್ಳನ್ ಬಿಟ್ಟ್ ಬಲೆ ಮೇಲ್ ತರುಕಾಗ. ನಾ ದಾರಿ ಇತ್ತಾ ಅಂತ ಕೇಂಡ್ಕಂಡ್ ಬತ್ತೆ."

"ಯಾರತ್ರ ಕೇಂತೆ? ಮೀನ್ ಮಾರ್ಕೆಟಗಾ?" ಎಂದು ನಕ್ಕಳು.

ಮರುದಿನ ಮಾರ್ಕೆಟ್ಟಿನಲ್ಲಿ ನಾನು ಮಾರುವ ಒಣಮೀನಿನ ಬುಟ್ಟಿ ಖಾಲಿಯಾದ ಕೂಡಲೇ ಪೇಟೆಯಲ್ಲಿ ಇಂಥ ಮಿಷನ್ ಮಾರುವ ಅಂಗಡಿಗೆ ಹೋದೆ. ಅಲ್ಲಿದ್ದವನು ಬುಟ್ಟಿ ನೋಡಿದ, ನನ್ನ ಮುಖ ನೋಡಿದ.

"ಆಡುದ್ ಯಾರಮ್ಮ, ನೀವಾ?"

"ಹೌದ್ ಮಾರಾಯ, ಸೊಂಟಕ್ಕೆ ಒಳ್ಳೇದಂಬ್ರ್."

ಅವನು ನಗುತ್ತಾ ಕುರ್ಚಿ ಕೊಟ್ಟ. ಎಲ್ಲ ಕೇಳಿಕೊಂಡು ಹೇಳಿದ. ಹೊಸ ಆಟ ಹಳೇ ಮಿಷನ್ನಿನವರ ಜೊತೆ ಸೇರುವುದಿಲ್ಲ, ಅದು ನಿಜ. ಆದರೆ ನಮ್ಮ ಹೊಸ ಮಿಷನ್ನಿಗೆ ಹಳೇ ಆಟದ ಡಿಸ್ಕನ್ನೇ ಹಾಕಿದರೆ ಹಳೇ ಆಟವೂ ನಡೆಯುತ್ತದೆ, ಆಗ ಹಳೇ ಮಿಷನ್ನಿನವರ ಜೊತೆ ಆಡಬಹುದು. "ಹಳೇ ಡಿಸ್ಕ್ ಇತ್ತಲ್ಲ ಅಮ್ಮ ನಿಮ್ಮತ್ರ?"

"ಇಲ್ದೇ ಎಲ್ಲಿಗ್ ಹೋತ್ತ್!" ಎಂದು ಹೇಳಿ ಓಡೋಡಿ ಬಂದೆ.

ಮನೆಗೆ ಬಂದು ಹೇಳಿದರೆ ಮೊಮ್ಮಗಳ ಮುಖ ಇಷ್ಟು ಸಣ್ಣದಾಯಿತು. "ಹೌದಾ! ಅದು ಹಳೇ ಮಿಷನ್ನಿಗೆ ಮಾತ್ರ ಅಂದೇಳಿ ನಾ ಎಣ್ಸಿದ್ದೆ. ಬೇಡ ಅಂತ ಅಜ್ಜಯ್ಯಂಗೆ ಕೊಟ್ಟೆ."

ಅವಳ ಅಜ್ಜಯ್ಯ ಎಂದರೆ ನನ್ನ ಯಜಮಾನರು. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದವರು ತಲೆ ಎತ್ತದೆ ಅಂಗಳದ ಕಡೆ ಕೈ ತೋರಿಸಿದರು. ಮೀನು ಒಣಗಿಸುವ ಚಪ್ಪರದ ಮೇಲೆ, ಬಲೆಯ ದಾರದಲ್ಲಿ, ಡಿಸ್ಕು ಗಿರಗಿರ ತಿರುಗುತ್ತಿತ್ತು. ಕಾಗೆ ಓಡಿಸಲಿಕ್ಕೆ!

"ನಡುವಲ್ಲಿ ಓಟೆ ಇತ್ತಲೆ, ಕಟ್ಟುಕೆ ಲಾಯ್ಕ್ ಆಯ್ತ್" ಎಂದರು. "ಒಂದ್ ಕಾಗಿಯೂ ಬತ್ತಿಲ್ಲೆ ಕಾಣ್."

ಅದರ ನೆರಳಲ್ಲೇ ದಿನವೂ ಮೀನು ತಿರುವಿ ಹಾಕಿದವಳು ನಾನು. ಬೈಯುವುದೋ ನಗುವುದೋ ತಿಳಿಯಲಿಲ್ಲ. ಇಳಿಸಿ ನೋಡಿದರೆ ಮೈಯೆಲ್ಲ ಉಪ್ಪು, ಮೀನಿನ ಒಂದೆರಡು ಹುರುಪೆ ಬೇರೆ ಅಂಟಿತ್ತು. ನೀರಲ್ಲಿ ಅದ್ದಿ, ನನ್ನ ಹಳೇ ವಾಯಿಲ್ ಸೀರೆಯ ತುಂಡಿನಿಂದ ಮೆಲ್ಲಗೆ ಒರೆಸಿದೆ. ಮಿಷನ್ನಿಗೆ ಹಾಕಿದರೆ ಉಗುಳಿತು. ಮತ್ತೆ ತೊಳೆದೆ. ಮತ್ತೆ ಉಗುಳಿತು.

"ಬಿಡ್ ಅಮ್ಮಮ್ಮ, ಹಾಳಾಯ್ತ್" ಎಂದಳು, ಕಣ್ಣಲ್ಲಿ ನೀರು.

"ಬಿಡುದಾ? ಮೀನಿನ್ ನಾತ ಹೋಪಲ್ಲಿವರೆಗೂ ತೊಳಿತೆ ನಾ!"

ಇನ್ನೊಮ್ಮೆ ತೊಳೆದು, ಬೆಳಕಿಗೆ ಹಿಡಿದು, ಅಂಚಿನಲ್ಲಿ ಉಳಿದ ಉಪ್ಪನ್ನೂ ತೆಗೆದು ಕೊಟ್ಟೆ. ಈ ಸಲ ಮಿಷನ್ನು ಒಳಗೆ ಎಳೆದುಕೊಂಡಿತು. ಸುಂಯ್ ಎಂದು ಸದ್ದು. ಟಿ.ವಿ.ಯಲ್ಲಿ ಹಳೇ ಆಟದ ಚಿತ್ರ ಬಂತು. ನಾನು ಅಂಗಳದವರೆಗೆ ಕೇಳುವ ಹಾಗೆ ಕೂಗಿದೆ.

ಬ್ರಹ್ಮಾವರದವಳ ಡಿಸ್ಕು ಅವಳ ಕಪಾಟಿನಲ್ಲೇ ಭದ್ರವಾಗಿತ್ತು. ಬೈಂದೂರಿನವಳು ನಮ್ಮವಳ ಫೋನ್ ಎತ್ತಲಿಲ್ಲ. ನಾನು ಅವಳ ಅಮ್ಮನಿಗೆ ಮಾಡಿದೆ. "ಕೋಡಿ ಅಮ್ಮಮ್ಮ ಕರೂದ್ ಅಂದೇಳಿ ಹೇಳ್. ಭಾನ್ವಾರ ಸಂಜಿಗೆ ಹಳೇ ಆಟಕ್ಕೆ ಬರ್ಕ್. ಬರ್ದಿದ್ರೆ ಬಸ್ ಹತ್ತಿ ನಾನೇ ಬಾಗ್ಲಿಗ್ ಬತ್ತೆ."

ಭಾನುವಾರ ಸಂಜೆ ಟಿ.ವಿ. ಮುಂದೆ ಕಾದು ಕೂತೆವು. ಆಮೇಲೆ ಅದರಿಂದ ಬೈಂದೂರಿನವಳ ಸಣ್ಣ ದನಿ: "ನಂಗ್ ಕೇಂತಾ ಇತ್ತ್. ನಿಮ್ಗ್ ಕೇಂತಾ?"

ನಮ್ಮವಳು ಕಿರುಚಿದಳು! ಬ್ರಹ್ಮಾವರದವಳೂ ಕಿರುಚಿದಳು. ಹುಲ್ಲು ಹೇಗೆ ಕಾಣುತ್ತಿದೆ ಎಂದು ಯಾರೂ ಕೇಳಲಿಲ್ಲ. ಮೂವರೂ ಮೊದಲಿನ ಹಾಗೆ ಬೈದಾಡಿಕೊಂಡು, ಸೋತು, ಗೆದ್ದು, ಮತ್ತೆ ಸೋತು, ನಗುತ್ತಲೇ ಇದ್ದರು. ಈಗ ಮೂರು ನಗುವೂ ನನಗೆ ಕೇಳುತ್ತಿತ್ತು. ಕಾಗೆಗಳಿಗೂ ಒಳ್ಳೇ ದಿನ, ಚಪ್ಪರದ ಕಡೆ ನೋಡುವವರಿರಲಿಲ್ಲ.

ಊಟಕ್ಕೆ ಕರೆದರೆ ಏಳುವವರೇ ಇಲ್ಲ. ಕೊನೆಗೆ ನಾನೇ ಅನ್ನದ ಪಾತ್ರೆಯನ್ನೂ ಸಾರಿನ ಮಡಕೆಯನ್ನೂ ಟಿ.ವಿ. ಮುಂದೆ ತಂದಿಟ್ಟೆ. ಯಜಮಾನರು, ಮಗಳು, ಅಳಿಯ, ಮೊಮ್ಮಗಳು, ನಾನು, ಎಲ್ಲರೂ ನೆಲದ ಮೇಲೆ ಕೂತೆವು. ಮೈಕು ಹಾಗೇ ಇತ್ತು. ನಾನು ಸಾರು ಬಡಿಸುವ ಸದ್ದು ಬೈಂದೂರಿಗೆ ಕೇಳಿರಬೇಕು.

"ಅಮ್ಮಮ್ಮ, ಎಂತ ಸಾರ್?"

"ಬಂಗ್ಡಿದ್ ಹೆಣೆ. ನೀ ಬಟ್ಲ್ ತಕಂಡ್ ಬಾ, ಅಲ್ಲೇ ಕೂಕೋ."

ಅಲ್ಲಿ ಬಟ್ಟಲು ಇಟ್ಟ ಸದ್ದು ಕೇಳಿತು. ಆಮೇಲೆ ನಾವೆಲ್ಲ ಅನ್ನಕ್ಕೆ ಕೈ ಹಾಕಿದೆವು.