ಮಗಳ ತೂಕ, ನನ್ನ ತೂಕ

ಮಗಳು ಹೊಟ್ಟೆಯಲ್ಲಿದ್ದ ಏಳನೇ ತಿಂಗಳಲ್ಲಿ ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ, "ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಹೋಗುತ್ತೆ. ಆದ್ರೆ ಆಮೇಲೆ ತೂಕ ಇಳಿಸ್ಬೇಕು ನೀವು, ಇಲ್ದಿದ್ರೆ ಮುಂದೆ ವಾಪಸ್ ಬರಬಹುದು" ಎಂದರು. ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತನ್ನು ಹೇಳಿದ ಹಾಗೆ ಹೇಳಿದರು. ನನಗೆ ಮಾತ್ರ ಅಪ್ಪನ ನೆನಪಾಯಿತು. ಜಂಗಮಕೋಟೆಯ ನನ್ನ ತವರುಮನೆಯಲ್ಲಿ ಅಪ್ಪನ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಸಕ್ಕರೆಯ ಗಾಯ ಮಾಯಲೇ ಇಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಅಷ್ಟೂ ಹೋಯಿತು.

ಬಾಣಂತನ ಮುಗಿಸಿಕೊಂಡು ಗೌರಿಬಿದನೂರಿನ ಗಂಡನ ಮನೆಗೆ ಬಂದಾಗ ಮಗಳಿಗೆ ಐದು ತಿಂಗಳು. ರಜೆ ಮುಗಿಯುತ್ತಿತ್ತು. ನಾನು ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಜಂಗಮಕೋಟೆಯ ಹಿಪ್ಪುನೇರಳೆ ತೋಟದ ಮನೆಯಲ್ಲಿ ಅಮ್ಮ ಐದು ತಿಂಗಳು ತುಪ್ಪ, ಬೆಳ್ಳುಳ್ಳಿ ಹಾಕಿ ಸಾಕಿದ್ದಳು. ತೂಕದ ಯಂತ್ರದ ಮೇಲೆ ನಿಂತು ಕೆಳಗೆ ನೋಡಿದಾಗ ಅಪ್ಪನ ಕಾಲೇ ಕಣ್ಣ ಮುಂದೆ ಬಂತು. ಗಂಡನಿಗೆ ಹೇಳಿದೆ. ಅವರು ಹೆಜ್ಜೆ ಎಣಿಸುವ ಒಂದು ಕೈಗಡಿಯಾರ ತಂದುಕೊಟ್ಟರು.

ಲೆಕ್ಕ ಎಂದರೆ ನನಗೆ ಮೊದಲಿನಿಂದಲೂ ಧೈರ್ಯ. ಬೆಳಿಗ್ಗೆ ಎದ್ದ ಕೂಡಲೇ ತೂಕ, ಎದೆಬಡಿತ, ನಿದ್ದೆಯ ಗಂಟೆ, ನಡೆದ ಹೆಜ್ಜೆ ಎಲ್ಲವನ್ನೂ ಫೋನಿನ ಒಂದು ಆಪಿನಲ್ಲಿ ಬರೆದಿಡತೊಡಗಿದೆ. ಆ ಆಪಿಗೆ ಮುದ್ದೆ ಗೊತ್ತಿರಲಿಲ್ಲ. ಹಿಟ್ಟನ್ನು ಗ್ರಾಮಿನಲ್ಲಿ ತೂಗಿ ನಾನೇ ಲೆಕ್ಕ ಹಾಕಿ ತುಂಬುತ್ತಿದ್ದೆ. ಒಂದು ಮುದ್ದೆ ಅರ್ಧವಾಯಿತು, ಅರ್ಧ ಕಾಲಾಯಿತು. ಬೆಳಿಗ್ಗೆ ಮಗಳು ಏಳುವ ಮೊದಲೇ ಸ್ಟೇಷನ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಸಂಜೆ ಸ್ಕೂಲಿನಿಂದ ಬಂದು ಹಾಲು ಕುಡಿಸಿದ ಮೇಲೆ ಮತ್ತೆ ಮಹಡಿಯ ಮೇಲೆ ಸುತ್ತು.

ಅತ್ತೆ ಹಿಂದೂಪುರದ ಕಡೆಯವರು. ನಾನು ಸ್ಕೂಲಿಗೆ ಹೋದಾಗ ಹಿಂಡಿಟ್ಟ ಹಾಲನ್ನೂ ಒಂದಿಷ್ಟು ಗಂಜಿಯನ್ನೂ ಮಗಳಿಗೆ ಚಮಚದಲ್ಲಿ ಕುಡಿಸುತ್ತಿದ್ದವರು ಅವರೇ. ನನ್ನ ತಟ್ಟೆ ನೋಡಿ ಒಂದು ದಿನ, "ಇದೇಮಮ್ಮಾ, ಗುಬ್ಬಚ್ಚಿ ತಿನ್ನೋ ಅಷ್ಟು? ಹಾಲು ಕುಡಿಸೋಳು ಹಿಂಗೆ ತಿಂದ್ರೆ ಆಗ್ತದಾ?" ಎಂದರು.

"ಆಗ್ತದೆ ಅತ್ತೆ, ಎಲ್ಲಾ ಲೆಕ್ಕ ಇಟ್ಟಿದೀನಿ" ಎಂದೆ.

"ಪಾಪು ಕುಡಿದ್ಮೇಲೂ ಅಳ್ತಾಳೆ ಕಣಮ್ಮ. ಬಾಯಿ ಬಿಟ್ಟು ಮತ್ತೆ ಹುಡುಕ್ತಾಳೆ."

"ಹಲ್ಲು ಬರ್ತಿರ್ಬೇಕು ಅತ್ತೆ."

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಾರೆ, ಹೋಗಿ ಬರೋಣವೆಂದು ಅತ್ತೆ ಎರಡು ಸಲ ಕರೆದರು. ಎರಡು ಸಲವೂ ಸ್ಕೂಲಿದೆ ಎಂದೆ, ಮಗುವಿನ ಕಾರ್ಡನ್ನು ಬೀರುವಿನಿಂದ ತೆಗೆದುಕೊಡುವಷ್ಟೂ ಮನಸ್ಸು ಮಾಡಲಿಲ್ಲ. ಹಾಲು ಕಡಿಮೆಯಾಗುತ್ತಿರುವುದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲೆಲ್ಲ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಆ ತಿಂಗಳು ಸ್ಕೂಲಿನಲ್ಲಿ ಬಟ್ಟೆ ಒದ್ದೆಯಾಗಲೇ ಇಲ್ಲ. ಸದ್ಯ, ಮಕ್ಕಳ ಮುಂದೆ ಮುಜುಗರ ತಪ್ಪಿತು ಎಂದುಕೊಂಡೆ.

ಮಗಳಿಗೆ ಎಂಟು ತಿಂಗಳು ತುಂಬಿದ ವಾರ, ಶನಿವಾರ ಅರ್ಧ ದಿನ ಸ್ಕೂಲಾದ್ದರಿಂದ ನಾನೇ ಅಂಗನವಾಡಿಗೆ ಕರೆದುಕೊಂಡು ಹೋದೆ. ಕಾರ್ಯಕರ್ತೆ ಅವಳನ್ನು ತೂಗಿ, ಮತ್ತೊಮ್ಮೆ ತೂಗಿ, ಕಾರ್ಡಿನ ನಕ್ಷೆಯಲ್ಲಿ ಚುಕ್ಕಿ ಇಟ್ಟರು.

"ಮೇಡಂ, ಐದನೇ ತಿಂಗಳಲ್ಲಿ ಎಷ್ಟಿದ್ಳೋ ಈಗ್ಲೂ ಹೆಚ್ಚುಕಮ್ಮಿ ಅಷ್ಟೇ ಅವಳೆ. ಚುಕ್ಕಿ ಹಳದಿ ಪಟ್ಟಿಗೆ ಇಳಿದ್ಬಿಟ್ಟಿದೆ ನೋಡಿ, ತೂಕ ಸಾಲ್ದು ಅಂತ."

ಹತ್ತನೇ ತರಗತಿಗೆ ನಕ್ಷೆ ಓದುವುದನ್ನು ಕಲಿಸುವವಳು ನಾನು. ಅವರು ವಿವರಿಸುತ್ತಲೇ ಇದ್ದರು. ನಾನು ಹೂಂ ಎನ್ನುತ್ತ ಮಗಳ ತೋಳು ಹಿಡಿದು ನೋಡಿದೆ. ಅಲ್ಲಿ ಮಡಿಕೆಗಳಿದ್ದವಲ್ಲ, ಅವು ಯಾವಾಗ ಹೋದವೋ ತಿಳಿಯಲಿಲ್ಲ.

ಮುಂದಿನ ವಾರ ನನ್ನ ರಕ್ತಪರೀಕ್ಷೆಯೂ ಇತ್ತು. ಸಕ್ಕರೆ ಪೂರ್ತಿ ಇಳಿದಿತ್ತು. "ತುಂಬಾ ಚೆನ್ನಾಗಿ ಮಾಡ್ಕೊಂಡಿದೀರಿ" ಎಂದರು ಡಾಕ್ಟರಮ್ಮ. ಮಗಳ ಕಾರ್ಡನ್ನು ಮೇಜಿನ ಮೇಲಿಟ್ಟೆ. ಓದಿ ಅವರ ಮುಖ ಬದಲಾಯಿತು. ಎಷ್ಟು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ, ಹಗಲೆಲ್ಲ ಮಗು ಯಾರ ಹತ್ತಿರ ಎಂದು ಕೇಳಿದರು. "ಇದರಿಂದಲೇ ಅಂತ ಹೇಳಕ್ಕಾಗಲ್ಲಮ್ಮ, ಕೆಲಸಕ್ಕೆ ಹೋಗೋರಿಗೆ ಹಾಲು ಕಮ್ಮಿ ಆಗೋದುಂಟು. ಈಗ ಚೆನ್ನಾಗಿ ಊಟ ಮಾಡಿ, ಮತ್ತೆ ಮತ್ತೆ ಕುಡಿಸಿ ನೋಡಿ" ಎಂದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಮತ್ತೆ ಮತ್ತೆ ಕುಡಿಸಿ ನೋಡಿದೆ. ಅತ್ತೆ ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಹಾಲು, ಏನು ಕೊಟ್ಟರೂ ಮಾತಿಲ್ಲದೆ ತಿಂದೆ. ಮಗಳು ಬಾಯಿಟ್ಟು, ಎರಡು ಸಲ ಚೀಪಿ, ಮುಖ ತಿರುಗಿಸಿ ಅಳುತ್ತಿದ್ದಳು. ಹದಿನೈದು ದಿನಕ್ಕೆ ಹಾಲು ಪೂರ್ತಿ ನಿಂತಿತು. ಡಬ್ಬದ ಹಾಲಿನ ಪುಡಿ, ರಾಗಿ ಸರಿ, ಬಾಟಲಿ ಎಲ್ಲ ಬಂದವು. ನಾನು ಕೊಟ್ಟರೆ ಬಾಟಲಿಯನ್ನೂ ತಳ್ಳುತ್ತಿದ್ದಳು, ಅತ್ತೆ ಕೊಟ್ಟರೆ ಕುಡಿಯುತ್ತಿದ್ದಳು.

ಜಂಗಮಕೋಟೆಗೆ ಹೋದಾಗ ಅಮ್ಮ ನನ್ನನ್ನು ನೋಡಿ ಅತ್ತಳು. ಅಪ್ಪ ಕುರ್ಚಿಯಲ್ಲಿ ಕೂತು ರೇಷ್ಮೆ ಹುಳುಗಳಿಗೆ ಸೊಪ್ಪು ಬಿಡಿಸುತ್ತಿದ್ದ. ಅಮ್ಮ ಒಳಗೆ ಹೋದ ಮೇಲೆ ಕೇಳಿದ: "ನನ್ನ ಕಾಲು ನೋಡಿ ಹೆದರ್ಕೊಂಡ್ಯೇನಮ್ಮ?"

ಹೌದೆಂದರೆ ಅವನಿಗೆ ನೋವು, ಇಲ್ಲವೆಂದರೆ ಸುಳ್ಳು. "ಏನಿಲ್ಲಪ್ಪ, ಡಾಕ್ಟ್ರು ಹೇಳಿದ್ರು ಅಂತ" ಎಂದೆ. ಅವನು ಸೊಪ್ಪಿನ ಬುಟ್ಟಿಯನ್ನು ಪಂಚೆಯ ಮೇಲೆ, ಕಾಲಿಲ್ಲದ ಕಡೆಗೆ ಎಳೆದುಕೊಂಡ.

ಮಗಳಿಗೆ ಈಗ ನಾಲ್ಕು ವರ್ಷ. ವಯಸ್ಸಿಗೆ ಸಣ್ಣವಳೆಂದು ಕೆಲವರು ಹೇಳುತ್ತಾರೆ. ಓಡಾಡಿಕೊಂಡು ಆರೋಗ್ಯವಾಗಿದ್ದಾಳೆ. ನಾನು ಮುದ್ದೆ ತಿನ್ನುತ್ತೇನೆ, ಸಂಜೆ ಒಂದಿಷ್ಟು ನಡೆಯುತ್ತೇನೆ, ವರ್ಷಕ್ಕೊಮ್ಮೆ ರಕ್ತ ಕೊಡುತ್ತೇನೆ. ಮಧ್ಯಾಹ್ನ ರಜೆಯಿದ್ದ ದಿನ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಟ್ಟುತ್ತೇನೆ. ಸ್ವಲ್ಪ ಹೊತ್ತು ನನ್ನನ್ನು ನೋಡುತ್ತಾಳೆ. ಕಣ್ಣು ಎಳೆಯತೊಡಗಿದಾಗ ದಿಂಬು ಎತ್ತಿಕೊಂಡು, "ಅಜ್ಜಿ ಹತ್ರ ಹೋಗ್ತೀನಿ" ಎಂದು ಎದ್ದು ಹೋಗುತ್ತಾಳೆ.